ಕಲ್ಲಿದ್ದಲೋ ಪೆಲೆಟ್ಟೋ: ಒಂದೇ ಮನೆಯಲ್ಲಿ ಎರಡು ಒಲೆ

ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಬಳಿ ನಾವು ಕೊಂಡ ಹಳೆಯ ಮನೆಯ ನೆಲಮಾಳಿಗೆಯಲ್ಲಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಒಂದು ಕಲ್ಲಿದ್ದಲ ಒಲೆಯಿತ್ತು. ಈ ಸೀಮೆಯಲ್ಲಿ ಸಿಗುವುದು ಆಂಥ್ರಸೈಟ್, ಗಾಜಿನ ಚೂರಿನಂತೆ ಹೊಳೆಯುವ ಗಟ್ಟಿ ಕಲ್ಲಿದ್ದಲು. ಮಲೆನಾಡಿನ ಬಚ್ಚಲೊಲೆಗೆ ಸೌದೆ ತುರುಕುತ್ತ ಬೆಳೆದ ನನಗೆ ಬೆಂಕಿ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ ಎಂದುಕೊಂಡಿದ್ದೆ. ಮೊದಲ ವಾರದಲ್ಲೇ ನಾಲ್ಕು ಸಲ ಒಲೆ ಆರಿತು.

ತಪ್ಪು ನನ್ನ ಕೈಯ ಅಭ್ಯಾಸದ್ದು. ಸೌದೆಯ ಬೆಂಕಿ ಮಂಕಾದರೆ ಕೆದಕುತ್ತೇವೆ. ಆಂಥ್ರಸೈಟನ್ನು ಮೇಲಿನಿಂದ ಕೆದಕಿದರೆ ಅದು ಸತ್ತೇಹೋಗುತ್ತದೆ. ಅದಕ್ಕೆ ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು. ದಿನಕ್ಕೆರಡು ಬಾರಿ ಜಾಲರಿ ಅಲ್ಲಾಡಿಸಿ ಬೂದಿ ಕೆಡವಿ, ಮೇಲೆ ಕಲ್ಲಿದ್ದಲು ತುಂಬಿ, ಸುಮ್ಮನೆ ಬಿಟ್ಟುಬಿಡಬೇಕು. ನನಗೆ ಕಷ್ಟವಾದದ್ದು ಆ ಸುಮ್ಮನೆ ಬಿಡುವುದೇ! ಕೈ ಪಳಗಿದ ಮೇಲೆ ಡಿಸೆಂಬರಿನಲ್ಲಿ ಹೊತ್ತಿಸಿದ ಬೆಂಕಿ ಫೆಬ್ರವರಿಯವರೆಗೂ ಆರಲಿಲ್ಲ. ಹೊಸದಾಗಿ ಸುರಿದ ಕಲ್ಲಿದ್ದಲ ಮೇಲೆ ಕುಣಿಯುವ ನೀಲಿ ಜ್ವಾಲೆ ನೋಡಲು ಚೆಂದ. ಆದರೆ ಅಲ್ಲಿ ಉರಿಯುತ್ತಿರುವುದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಅದರ ಎಚ್ಚರಿಕೆಯ ಅಲಾರಂ ಇಲ್ಲದ ಮನೆಯಲ್ಲಿ ಈ ಒಲೆ ಹೊತ್ತಿಸಲೇಬಾರದು.

ಮರುವರ್ಷ ನಡುಮನೆಗೆ ಪೆಲೆಟ್ ಒಲೆ ಬಂತು. ಮರದ ಹೊಟ್ಟನ್ನು ಒತ್ತಿ ಪೆನ್ಸಿಲ್ ತುಂಡುಗಳಂತೆ ಮಾಡಿದ ಉರುವಲು. ಗುಂಡಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಉರಿ. ಎತ್ತರದ ಚಿಮಣಿಯೂ ಬೇಕಿಲ್ಲ, ಗೋಡೆಯಿಂದಾಚೆಗೆ ಒಂದು ಸಣ್ಣ ಕೊಳವೆ ಸಾಕು. ಕಲ್ಲಿದ್ದಲು, ಪೆಲೆಟ್ ಎರಡೂ 40 ಪೌಂಡಿನ, ಅಂದರೆ ಸುಮಾರು 18 ಕಿಲೋ ಚೀಲಗಳಲ್ಲಿ ಬರುತ್ತವೆ. ಕಲ್ಲಿದ್ದಲು ಒಂದು ಚೀಲ ಸಾಕಾಗುವ ದಿನಕ್ಕೆ ಪೆಲೆಟ್ ಒಂದೂವರೆ ಬೇಕು. ಬೂದಿಯ ಲೆಕ್ಕ ತಿರುಗುಮುರುಗು: ಪೆಲೆಟ್ ಚೀಲಕ್ಕೆ ಒಂದು ಹಿಡಿ, ಕಲ್ಲಿದ್ದಲಿಗೆ ಸುಮಾರು ಎರಡು ಕಿಲೋ. ಕಪ್ಪು ದೂಳಿಗೆ ಬೇಸತ್ತಿದ್ದ ಹೆಂಡತಿ ಅಲ್ಲಿಗೇ ತೀರ್ಪು ಕೊಟ್ಟುಬಿಟ್ಟಳು.

ನಾನೂ ಒಪ್ಪುತ್ತಿದ್ದೆನೋ ಏನೋ, ಜನವರಿಯ ಹಿಮಗಾಳಿ ಬರದಿದ್ದರೆ. ವಿದ್ಯುತ್ ಹೋಯಿತು. ಪೆಲೆಟ್ ಒಲೆಗೆ ಉರುವಲು ತಳ್ಳುವ ತಿರುಪು, ಗಾಳಿ ಊದುವ ಫ್ಯಾನು, ಎಲ್ಲವೂ ವಿದ್ಯುತ್ತಿನವು. ಅಷ್ಟು ದುಡ್ಡು ಕೊಟ್ಟು ತಂದ ಒಲೆ ಆ ಹೊತ್ತಿಗೆ ಗಾಜಿನ ಬಾಗಿಲಿನ ಬೀರು. ಟಾರ್ಚ್ ಹಿಡಿದು ಕೆಳಗಿಳಿದು, ಪುರಳೆಯಿಂದ ಶುರುಮಾಡಿ ಒಂದು ಗಂಟೆ ಹೆಣಗಿ ಕಲ್ಲಿದ್ದಲು ಹೊತ್ತಿಸಿದೆ. ಎಲ್ಲರೂ ನೆಲಮಾಳಿಗೆಯಲ್ಲೇ ಮಲಗಿದೆವು. ಅದೇ ವಾರ ಕೊಟ್ಟಿಗೆಯ ಸೋರುವ ಮೂಲೆಯಲ್ಲಿ ನೆನೆದ ಆರು ಚೀಲ ಪೆಲೆಟ್ ಉಬ್ಬಿ ಮತ್ತೆ ಹೊಟ್ಟಾಗಿತ್ತು. ಪಕ್ಕದಲ್ಲೇ ನೆನೆದಿದ್ದ ಕಲ್ಲಿದ್ದಲಿಗೆ ಏನೂ ಆಗಿರಲಿಲ್ಲ.

ಈಗ ಅಕ್ಟೋಬರ್, ನವೆಂಬರ್, ಮಾರ್ಚ್ ಪೆಲೆಟ್ಟಿನ ಪಾಲು. ಹೊರಗೆ ಬೆಚ್ಚಗಿದ್ದಾಗ ಚಿಮಣಿಯ ಸೆಳೆತ ಕುಗ್ಗುತ್ತದೆ, ಕಲ್ಲಿದ್ದಲ ಅನಿಲ ಮನೆಯೊಳಗೆ ತಿರುಗುವ ಭಯ. ನಡುಚಳಿಗಾಲ ಕಲ್ಲಿದ್ದಲಿನದು. ಒಂದನ್ನೇ ಕೊಳ್ಳುವುದಾದರೆ? ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಯಾರೂ ಇರದಿದ್ದರೆ, ಚಿಮಣಿಯೂ ಇಲ್ಲದಿದ್ದರೆ ಪೆಲೆಟ್ ತೆಗೆದುಕೊಳ್ಳಿ, ಜೊತೆಗೊಂದು ಸಣ್ಣ ಜನರೇಟರ್. ನಾನಾದರೆ ಕಲ್ಲಿದ್ದಲನ್ನೇ ತರುತ್ತೇನೆ. ಅದರ ಬೂದಿ ಮನೆಮುಂದಿನ ಮಂಜುಗಡ್ಡೆಯ ಮೇಲೆ ಕಾಲು ಜಾರದಂತೆ ಎರಚಲೂ ಆಗುತ್ತದೆ. ಬೂಟಿಗೆ ಅಂಟಿ ಅದು ಒಳಗೆ ಬಂದ ದಿನ ನೆಲ ಒರೆಸುವ ಕೆಲಸ ನನ್ನದು.