4294967297ನ್ನ ನಾಲ್ಕು ದಾರೀಲಿ ಒಡೆದು ನೋಡ್ದೆ

ಮೂಡಿಗೆರೆ ಮನೇಲಿ ಮಳೆಗೆ ಎರಡು ದಿನ ಕರೆಂಟಿಲ್ಲ, ಲ್ಯಾಪ್‌ಟಾಪ್ ಚಾರ್ಜೂ ಮುಗಿದಿತ್ತು, ಕೈಗೆ ಸಿಕ್ಕಿದ್ದು ಅಪ್ಪ ಕಾಫಿ ಮೂಟೆ ಲೆಕ್ಕ ಹಾಕೋ 12 ಅಂಕಿ ಕ್ಯಾಲ್ಕುಲೇಟರ್. ತಲೇಲಿ ಬಹಳ ದಿನದಿಂದ ಕೂತಿದ್ದ ಸಂಖ್ಯೆ 4294967297, ಅಂದ್ರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದು. 2ರ 1, 2, 4, 8, 16, 32 ಅಂತ ದುಪ್ಪಟ್ಟಾಗ್ತಾ ಹೋಗೋ ಘಾತಕ್ಕೆ 1 ಕೂಡಿಸಿದ್ರೆ ಬರೋ ಈ ಜಾತಿಯವೆಲ್ಲ ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾ ನಂಬಿದ್ರು, 3, 5, 17, 257, 65537ರವರೆಗೆ ಅದು ನಿಜಾನೇ, ಐದು ದಾಟಿದ ಮೇಲೆ ಇದು ಬಂತು ನೋಡಿ, 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನ 641 × 6700417 ಅಂತ ಒಡೆದ್ರು. ಉತ್ತರ ಗೊತ್ತಿದ್ರೂ ಯಾವ ದಾರೀಲಿ ಎಷ್ಟು ಕೆಲ್ಸ ಅಂತ ಕೈಯಾರೆ ನೋಡ್ಬೇಕಿತ್ತು.

ಮೊದ್ಲು ಸ್ಕೂಲಿನ ದಾರಿ, 2, 3, 5, 7 ಅಂತ ಸಾಲಾಗಿ ಭಾಗಿಸೋದು. 641 ಅನ್ನೋದು 116ನೇ ಅವಿಭಾಜ್ಯ, ಹಾಗಾಗಿ 116 ಭಾಗಾಕಾರ. ಬೆಳಗ್ಗೆಯೆಲ್ಲ ಅದಕ್ಕೇ ಹೋಯ್ತು ಆದ್ರೆ ಮುಗೀತು.

ಆಮೇಲೆ ಫರ್ಮಾ ಅವರದೇ ವಿಧಾನ, ಸಂಖ್ಯೆನ ಎರಡು ವರ್ಗಗಳ ವ್ಯತ್ಯಾಸ ಮಾಡೋದು. 8051 ಆದ್ರೆ 90ರ ವರ್ಗದಲ್ಲಿ 7ರ ವರ್ಗ ಕಳೆದ್ರೆ ಸಾಕು, 83 × 97 ಕೈಗೆ ಬರುತ್ತೆ. ಎರಡು ಅಪವರ್ತನ ಹತ್ತಿರ ಇದ್ರೆ ಇದರಷ್ಟು ಚಂದ ಬೇರೆ ಇಲ್ಲ, ಇಲ್ಲಿ ಮಾತ್ರ ಒಂದು ಮೂರಂಕಿ ಇನ್ನೊಂದು ಏಳಂಕಿ, ದೊಡ್ಡ ವರ್ಗದ ಸಂಖ್ಯೆನ ವರ್ಗಮೂಲದ ಪಕ್ಕದ 65537ರಿಂದ ಶುರು ಮಾಡಿ 3350529ರವರೆಗೆ ಹೋಗ್ಬೇಕು. ಇಪ್ಪತ್ತಕ್ಕೇ ಪೆನ್ನು ಕೆಳಗಿಟ್ಟೆ. ಕರೆಂಟ್ ಬಂದ್ಮೇಲೆ ಪೈಥಾನ್‌ನಲ್ಲಿ ಎಣಿಸ್ದೆ, 3284993 ಪ್ರಯತ್ನ.

ನನ್ನ ಮನಸ್ಸು ಪೂರ್ತಿ ಗೆದ್ದಿದ್ದು ಆಯ್ಲರ್ ದಾರಿ. ಈ ಸಂಖ್ಯೆನ p ಅನ್ನೋ ಅವಿಭಾಜ್ಯ ಭಾಗಿಸಿದ್ರೆ, pಯಿಂದ ಭಾಗಿಸಿ ಶೇಷ ಮಾತ್ರ ನೋಡೋ ಲೆಕ್ಕದಲ್ಲಿ 2ರ 32ನೇ ಘಾತ −1ಕ್ಕೆ ಸಮ, 64ನೇ ಘಾತ 1ಕ್ಕೆ ಸಮ, ಅದಕ್ಕಿಂತ ಮುಂಚೆ 1 ಬರೋದೇ ಇಲ್ಲ, p−1ನೇ ಘಾತದಲ್ಲೂ 1 ಬರಲೇಬೇಕು ಅನ್ನೋದು ಫರ್ಮಾ ಅವರದೇ ಇನ್ನೊಂದು ನಿಯಮ, ಆದ್ರಿಂದ p−1 ಅನ್ನೋದು 64ರ ಗುಣಕ ಆಗ್ಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೇದೇ ಸಿಕ್ತು! 1878ರಲ್ಲಿ ಲ್ಯೂಕಾ ಅನ್ನೋ ಗಣಿತಜ್ಞ 64ರ ಜಾಗದಲ್ಲಿ 128 ಅಂತ ಇನ್ನೂ ಬಿಗಿ ಮಾಡಿದ್ರು, ಆಗ ಉಳಿಯೋದು 257, ಅದರ ಮುಂದೆ 641. ಚಿಕ್ಕಪ್ಪನ ಮಗಳು ಸೆಕೆಂಡ್ ಪಿಯು, ಕ್ಯಾಲ್ಕುಲೇಟರ್ ಅವಳ ಕೈಗೇ ಕೊಟ್ಟೆ, ಪಾಯಿಂಟ್ ಇಲ್ದೆ 6700417 ಬಂದಾಗ "ಅಣ್ಣ, ಎರಡೇ ಸಲಕ್ಕಾ?" ಅಂತ ಎದ್ದು ನಿಂತಳು.

ಕೊನೇದು ಗಣಿತಜ್ಞ ಪೊಲಾರ್ಡ್ ಅವರ 1974ರ p−1 ವಿಧಾನ, ಇದಕ್ಕೆ ಕಂಪ್ಯೂಟರ್ ಬೇಕು. ಆಧಾರ 2 ತಗೊಂಡು, ಬಂದ ಉತ್ತರವನ್ನೇ ಮತ್ತೆ 1, 2, 3... ಅಂತ ಘಾತಕ್ಕೆ ಏರಿಸ್ತಾ, ಪ್ರತಿ ಸಲ ಅದರಲ್ಲಿ 1 ಕಳೆದು ನಮ್ಮ ಸಂಖ್ಯೆ ಜೊತೆ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ನೋಡೋದು. 8ಕ್ಕೆ ಬಂದಾಗ ಮಸಾಅ ಇಡೀ ಸಂಖ್ಯೆನೇ ಬಂತು, ಏನೂ ಒಡೀಲಿಲ್ಲ, ಯಾಕಂದ್ರೆ ಎರಡೂ ಅಪವರ್ತನಕ್ಕೂ 64ನೇ ಘಾತದಲ್ಲೇ 1 ಬಂದ್ಬಿಡುತ್ತೆ. ಆಧಾರ 3 ಹಾಕ್ದೆ, ಅದೇ 8ನೇ ಹೆಜ್ಜೇಲಿ 641 ಒಂದೇ ಹೊರಗೆ ಬಂತು. 640 ಅಂದ್ರೆ 2ರ 7ನೇ ಘಾತ × 5, ಇಷ್ಟು ಪುಟ್ಟ ಅಪವರ್ತನಗಳಿರೋದ್ರಿಂದ ಈ ವಿಧಾನಕ್ಕೆ ಸುಲಭ. ಆಕಾರ ಗೊತ್ತಿಲ್ಲದ ಸಂಖ್ಯೆ ಯಾರಾದ್ರೂ ಕೊಟ್ರೆ ನಾನು ಇದನ್ನೇ ಮೊದ್ಲು ಓಡಿಸ್ತೀನಿ, ಇಂಥ ಸಂಖ್ಯೆಗೆ ಮಾತ್ರ ಲ್ಯೂಕಾ ದಾರೀನೇ.

ಇನ್ನು 6700417 ಇನ್ನೂ ಒಡೆಯುತ್ತಾ ಅಂತ ತಂಗಿ ಕೇಳಿದ್ಲು. ಅದರ ವರ್ಗಮೂಲ 2588 ಚಿಲ್ಲರೆ, ಅಷ್ಟರೊಳಗೆ 128ರ ನಿಯಮಕ್ಕೆ ಹೊಂದೋವು 257 ಬಿಟ್ರೆ 641, 769, 1153, 1409 ಅಷ್ಟೇ. ನಾಲ್ಕನ್ನೂ ಅವಳೇ ಭಾಗಿಸಿದ್ಲು, ನಾಲ್ಕಕ್ಕೂ ಪಾಯಿಂಟ್ ಬಂತು.