ಮೋಟರ್‌ಹೋಮ್ ಮಾರಿಕೊಟ್ಟವರು: ಪರೀಕ್ಷೆ ಮಾಡುವುದರಲ್ಲಿ ಗಟ್ಟಿ, ತೋರಿಸುವುದರಲ್ಲಿ ಸಡಿಲ

ಮಕ್ಕಳು ದೊಡ್ಡವರಾದ ಮೇಲೆ ನಮ್ಮ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ಊರೂರು ಸುತ್ತುವ ಗಾಡಿ, ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಮಾರೋಣ ಅಂದರೆ, ಬಂದಬಂದವರಿಗೆಲ್ಲ ಬಾಗಿಲು ತೆಗೆದು ತೋರಿಸುವಷ್ಟು ಪುರುಸೊತ್ತು ನಮಗಿಲ್ಲ. ಡೀಲರ್‌ಗೆ ನೇರವಾಗಿ ಕೊಟ್ಟರೆ ಕೈಗೆ ಬರುವುದು ಕಮ್ಮಿ. ಹಾಗಾಗಿ ಕಮಿಷನ್ ಮೇಲೆ ಮಾರಿಕೊಡುವವರ ಹತ್ತಿರ ಬಿಟ್ಟೆವು. ಗಾಡಿ ಅವರ ಅಂಗಳದಲ್ಲಿ, ಮಾರಾಟ ಆಗುವವರೆಗೆ ಹೆಸರು ನಮ್ಮದೇ.

ಅವರ ಪರೀಕ್ಷೆ ನನಗೆ ನಿಜಕ್ಕೂ ಹಿಡಿಸಿತು. ಎಂಜಿನ್ ಮುಟ್ಟುವ ಮೊದಲೇ ತೇವ ನೋಡಿದರು. ಎರಡು ಸೂಜಿಯ ಮೀಟರನ್ನು ಕಪಾಟಿನ ಒಳಮೂಲೆ, ಕಿಟಕಿಯ ಕೆಳಗೆ, ಛಾವಣಿಯ ಕಿಂಡಿಯ ಸುತ್ತ ಒತ್ತಿ, ಬಂದ ಅಂಕಿಯನ್ನು ಗಾಡಿಯ ನಕ್ಷೆ ಮೇಲೆ ಬರೆದುಕೊಂಡರು. ಸಾಮಾನ್ಯವಾಗಿ 15%ಗಿಂತ ಕೆಳಗಿದ್ದರೆ ಚಿಂತೆಯಿಲ್ಲ. 20 ದಾಟಿದರೆ ಕಾರಣ ಹುಡುಕಬೇಕು. 30ರ ಹತ್ತಿರ ಹೋದರೆ ಒಳಗಿನ ಮರ ಕೊಳೆಯುತ್ತಿರಬಹುದು. ನಮ್ಮದರಲ್ಲಿ ಹಿಂದಿನ ಕಿಟಕಿಯ ಒಂದು ಮೂಲೆ ಮಾತ್ರ 20 ದಾಟಿತ್ತು. ಹೊರಗೆ ನೀರು ಒಳಗಿಳಿಯದಂತೆ ಸಂದಿಗೆ ಹಚ್ಚಿದ್ದ ಸೀಲಂಟ್ ಒಣಗಿ ಬಿರುಕು ಬಿಟ್ಟಿತ್ತು. ಹಳೆಯದನ್ನು ಕೆರೆದು ಹೊಸದು ಹಾಕಿ, ಒಣಗಲು ಬಿಟ್ಟು, ಮತ್ತೆ ಅಳೆದರು. ಮೊದಲಿನ ಅಂಕಿಯನ್ನೂ ಮುಚ್ಚಿಡದೆ ನೋಡಲು ಬಂದವರ ಕೈಗೆ ಕೊಟ್ಟರು. ಕೊನೆಗೆ ಕೊಂಡ ಕುಟುಂಬ ಆ ಹಾಳೆ ಹಿಡಿದುಕೊಂಡೇ ಗಾಡಿಯೆಲ್ಲ ಸುತ್ತಿತು. ಓಡಿದ ಕಿಲೋಮೀಟರ್ ಬಗ್ಗೆ ಕೇಳಿದ್ದೂ ಕಮ್ಮಿ.

ಟೈರ್ ವಿಷಯದಲ್ಲೂ ಮುಲಾಜಿಲ್ಲ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಯಲ್ಲಿ ಮೊದಲೆರಡು ಟೈರ್ ತಯಾರಾದ ವಾರ, ಮುಂದಿನೆರಡು ವರ್ಷ. 2316 ಅಂದರೆ 2016ರ 23ನೇ ವಾರ. ನಮ್ಮವು ಸವೆದೇ ಇರಲಿಲ್ಲ, ಆದರೂ ಬದಲಾಯಿಸಿ ಅಂದರು. ಅಷ್ಟು ಭಾರ ಹೊತ್ತು ನಿಂತಲ್ಲೇ ನಿಂತರೆ ರಬ್ಬರ್ ಹಾಳಾಗದೆ ಇರುತ್ತಾ?

ಇನ್ನು ಗಾಡಿ ತೋರಿಸುವ ಕೆಲಸ. ಅದು ಸಾಲದು. ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಇಂಥ ಫ್ರಿಜ್‌ಗೆ ಕಂಪ್ರೆಸರ್ ಇರುವುದಿಲ್ಲ, ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಹಿಂದಿನ ರಾತ್ರಿಯೇ ಹಾಕಿಡಿ ಅಂತ ಬರೆದೇ ಕೊಟ್ಟಿದ್ದೆ. ನಾನು ಹೋಗಿದ್ದ ದಿನ ಒಬ್ಬರು ಫ್ರಿಜ್ ಒಳಗೆ ಕೈಯಿಟ್ಟು ನೋಡಿದರು. ಬೆಚ್ಚಗಿತ್ತು. "ಈಗಷ್ಟೇ ಆನ್ ಮಾಡಿದೀವಿ ಸಾರ್, ಆಗತ್ತೆ" ಅಂದ ಅಲ್ಲಿನ ಹುಡುಗ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು, ಹೊರಟೇ ಹೋದರು. ಕೆಟ್ಟ ಫ್ರಿಜ್ ಅಂತಲೇ ಅವರು ಅಂದುಕೊಂಡಿರಬೇಕು, ಪಾಪ.

ಜಾಹೀರಾತಿನದು ಇನ್ನೊಂದು ಕಥೆ. "ಆರು ಜನ ಮಲಗಬಹುದು" ಅಂತ ದೊಡ್ಡದಾಗಿ ಹಾಕಿದ್ದರು. ಸೀಟ್ ಬೆಲ್ಟ್ ಇರುವುದು ನಾಲ್ಕೇ ಸೀಟಿಗೆ, ಅದನ್ನು ಹಾಕಿರಲಿಲ್ಲ. ಐದು ಜನರ ಕುಟುಂಬವೊಂದು ಅಷ್ಟು ದೂರದಿಂದ ಬಂದು ಸುಮ್ನೆ ವಾಪಸ್ ಹೋಯಿತು. ಮಕ್ಕಳಿರುವವರು ಮೊದಲು ಎಣಿಸುವುದೇ ಬೆಲ್ಟ್, ಅಲ್ವಾ? ಆಮೇಲೆ ಎಷ್ಟು ಸಾಮಾನು ಹೇರಬಹುದು ಅಂತ ಕೇಳುತ್ತಾರೆ. ಅದೂ ಇರಲಿಲ್ಲ. ನಾನು ಹೇಳಿದ ಮೇಲೆ ಎರಡನ್ನೂ ಸೇರಿಸಿದರು. ಅಲ್ಲಿಂದಾಚೆ ಬಂದವರು ಸರಿಯಾದವರೇ.

ನೀವೂ ಹೀಗೆ ಬಿಡುವುದಾದರೆ ಕರಾರು ಪತ್ರ ಕೂತು ಓದಿ. ಅವರ ಅಂಗಳದಲ್ಲಿ ಗಾಡಿಗೆ ಏನಾದರೂ ಆದರೆ ವಿಮೆ ಯಾರದು, ಮಾರಿದ ಎಷ್ಟು ದಿನದೊಳಗೆ ದುಡ್ಡು ಬರುತ್ತದೆ, ಇವೆರಡು ಅದರಲ್ಲಿ ಬರೆದಿರಲೇಬೇಕು. ನಮಗೆ ದುಡ್ಡು ಹೇಳಿದ ದಿನಕ್ಕೇ ಬಂತು. ಬೆಚ್ಚಗಿದ್ದ ಫ್ರಿಜ್ ನೆನಪಿಸಿ ಕಮಿಷನ್ ಸ್ವಲ್ಪ ಇಳಿಸಿ ಅಂದೆ. ಗೊಣಗಿಕೊಂಡೇ ಇಳಿಸಿದರು.