ಹಳೇ ಹುಬ್ಬಳ್ಳಿಯಲ್ಲಿ ಅಳತೆಗೆ ಮಾಡಿಕೊಡುವ ಕಾರ್ನರ್ ಚೇರ್: ಮಕ್ಕಳ ಫಿಸಿಯೋಥೆರಪಿಸ್ಟ್ ಕಂಡಂತೆ

ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗೆ ಆದ ಹಾನಿಯಿಂದ ಮೈಯ ಚಲನೆ ಕುಂಠಿತವಾಗುವ ಸ್ಥಿತಿ) ಇರುವ ಮಕ್ಕಳಿಗಾಗಿ ಹಳೇ ಹುಬ್ಬಳ್ಳಿಯ ಬಡಗಿಯೊಬ್ಬರು ಅಳತೆ ತೆಗೆದು ಮಾಡಿಕೊಡುವ ಮರದ ಕಾರ್ನರ್ ಚೇರ್ ಈಗ ಅವಳಿ ನಗರದಲ್ಲಿ ಮಾತ್ರವಲ್ಲದೆ ಕುಂದಗೋಳ, ಶಿಗ್ಗಾವಿ, ಲಕ್ಷ್ಮೇಶ್ವರದ ಕಡೆಯ ಮನೆಗಳಲ್ಲೂ ಕಾಣಿಸತೊಡಗಿದೆ. ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿರುವ ನನ್ನನ್ನು ಪಾಲಕರು ಇದನ್ನು ಮಾಡಿಸಬಹುದೇ ಎಂದು ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ನಾನು ನೋಡಿಕೊಳ್ಳುವ ಮಕ್ಕಳ ಮನೆಗಳಲ್ಲಿ ಅದು ಹೇಗೆ ಬಳಕೆಯಾಗುತ್ತಿದೆ ಎಂಬುದನ್ನು ನೋಡಿಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಒಪ್ಪಿಕೊಂಡ ಬಾಗಿಲು-ಕಿಟಕಿಗಳ ಕೆಲಸವೇ ಮುಗಿಯುತ್ತಿಲ್ಲ, ಮತ್ತಷ್ಟು ಜನರನ್ನು ಕಳಿಸಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಅದರಿಂದ ಓದುಗರಿಗೆ ನಷ್ಟವೇನೂ ಇಲ್ಲ. ಏನು ಬೇಕು ಎಂಬುದನ್ನು ಸರಿಯಾಗಿ ಹೇಳಿದರೆ ಗದಗಿನಲ್ಲಾಗಲಿ ಹಾವೇರಿಯಲ್ಲಾಗಲಿ ಕೈ ಪಳಗಿದ ಯಾವ ಬಡಗಿಯೂ ಇದನ್ನು ಮಾಡಬಲ್ಲರು.

ನೋಡಲು ಇದು ಬಹಳ ಸರಳವಾದ ವಸ್ತು. ಎರಡು ಹಲಗೆಗಳನ್ನು ಗೋಡೆಯ ಮೂಲೆಯಂತೆ ಲಂಬಕೋನದಲ್ಲಿ ಜೋಡಿಸಿ, ಕೆಳಗೆ ಒಂದು ತಳಹಲಗೆ, ಮುಂದೆ ಕಾಲುಗಳ ನಡುವೆ ಒಂದು ದುಂಡು ಗೂಟ, ಮೇಲೆ ತೆಗೆದು ಹಾಕಬಹುದಾದ ಒಂದು ಟ್ರೇ, ಸೊಂಟಕ್ಕೊಂದು ಪಟ್ಟಿ. ಮಗು ನೆಲಮಟ್ಟದಲ್ಲಿಯೇ ಕಾಲು ಚಾಚಿ ಕುಳಿತುಕೊಳ್ಳುತ್ತದೆ. ಸ್ಪಾಸ್ಟಿಸಿಟಿ, ಅಂದರೆ ಸ್ನಾಯುಗಳ ಬಿಗಿತ, ಹೆಚ್ಚಿರುವ ಮಗುವನ್ನು ಚಪ್ಪಟೆ ಬೆನ್ನಿನ ಕುರ್ಚಿಯಲ್ಲಿ ಕೂರಿಸಿದಾಗ ಅದು ಸಾಮಾನ್ಯವಾಗಿ ಭುಜಗಳನ್ನು ಹಿಂದಕ್ಕೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಸೆಟೆಸಿ, ಮುಂದಕ್ಕೆ ಜಾರುತ್ತದೆ. ಆಗ ಕೈಗಳೆರಡೂ ಪಕ್ಕಕ್ಕೆ ಹೋಗಿ ಯಾವ ಕೆಲಸಕ್ಕೂ ಒದಗುವುದಿಲ್ಲ. ಮೂಲೆಯ ಆಕಾರದ ಬೆನ್ನು ಎರಡೂ ಭುಜಗಳನ್ನು ತುಸು ಮುಂದಕ್ಕೆ ತರುವುದರಿಂದ ಕೈಗಳು ಎದೆಯ ಮುಂದೆ ಕೂಡುತ್ತವೆ, ಕಣ್ಣಿಗೂ ಬೀಳುತ್ತವೆ. ನಾನು ನೋಡುವ ನಾಲ್ಕು ವರ್ಷದ ಹುಡುಗಿಯೊಬ್ಬಳು ಈ ಟ್ರೇಯ ಮೇಲೆ ಸುರಿದ ಚುರುಮುರಿಯನ್ನು ಬೆರಳುಗಳಿಂದ ಹಿಡಿಯಲಾಗದೆ, ಅಂಗೈಯ ಅಂಚಿನಿಂದ ಗೋರಿ, ಟ್ರೇಯ ಎತ್ತರಿಸಿದ ಕಟ್ಟೆಗೆ ಒತ್ತಿ ನಿಲ್ಲಿಸಿ, ನಂತರ ಹೆಬ್ಬೆರಳಿನಿಂದ ಒಂದೊಂದಾಗಿ ಮೇಲೆತ್ತುವುದನ್ನು ಕಂಡಿದ್ದೇನೆ. ಮಡಿಲಲ್ಲಿ ಕುಳಿತಾಗ ಅವಳ ಎಡಗೈ ತಾಯಿಯ ತೋಳಿನ ಕೆಳಗೆ ಸಿಕ್ಕಿಕೊಂಡಿರುತ್ತಿತ್ತು.

ಈ ಬಡಗಿಯ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅಳತೆ. ವಯಸ್ಸು ಹೇಳಿದರೆ ಅವರು ಕುರ್ಚಿ ಮಾಡಿಕೊಡುವುದಿಲ್ಲ. ‘ಕೂಸಿನ್ನ ಕರ್ಕೊಂಡು ಬರ್ರಿ, ಆಮ್ಯಾಲೆ ಮಾತಾಡೂಣು’ ಎಂಬುದೇ ಫೋನಿನಲ್ಲಿ ಅವರು ಕೊಡುವ ಉತ್ತರ. ಕೂರಿಸಿದ ಸ್ಥಿತಿಯಲ್ಲಿ ಸೊಂಟದ ಅಗಲ, ಕುಳಿತ ಮಟ್ಟದಿಂದ ಕಂಕುಳಿನವರೆಗಿನ ಎತ್ತರ, ಭುಜದವರೆಗಿನ ಎತ್ತರ, ಪೃಷ್ಠದ ಹಿಂಬದಿಯಿಂದ ಮೊಣಕಾಲಿನ ಒಳಮಡಿಕೆಯವರೆಗಿನ ಉದ್ದ, ಮೊಣಕೈಯ ಮಟ್ಟ, ಇಷ್ಟನ್ನು ತೆಗೆದು ಒಂದು ಹಲಗೆಯ ಚೂರಿನ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾರೆ. ಸೊಂಟದ ಅಗಲಕ್ಕೆ ಎರಡೂ ಬದಿ ಒಂದೊಂದು ಬೆರಳಿನಷ್ಟು ಜಾಗ ಬಿಟ್ಟರೆ ಸಾಕು. ‘ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ’ ಎಂದು ಅಜ್ಜಿಯರು ಒತ್ತಾಯಿಸಿ ಅಗಲ ಹೆಚ್ಚಿಸಿದ ಕಡೆಗಳಲ್ಲಿ ಮಗು ಒಂದೇ ಪಕ್ಕಕ್ಕೆ ವಾಲಿ ಕುಳಿತು ಬೆನ್ನುಮೂಳೆ ಸೊಟ್ಟಗಾಗುವ ದಾರಿ ತೆರೆದುಕೊಳ್ಳುತ್ತದೆ. ಅಂಗಿ ಹೊಲಿಸುವಾಗ ಸಲ್ಲುವ ಆ ಜಾಣತನ ಇಲ್ಲಿ ಸಲ್ಲುವುದಿಲ್ಲ. ಟ್ರೇ ಮೊಣಕೈಯ ಮಟ್ಟಕ್ಕೆ ಬರಬೇಕು. ಅದಕ್ಕಿಂತ ತೀರ ಮೇಲಿದ್ದರೆ ಮಗು ಭುಜಗಳನ್ನು ಕಿವಿಯತ್ತ ಎತ್ತುತ್ತದೆ, ಕೆಳಗಿದ್ದರೆ ಮುಂದಕ್ಕೆ ಕುಸಿಯುತ್ತದೆ.

ಗೂಟದ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಕುರ್ಚಿ ಮಾಡುವವರೂ ಮಾಡಿಸುವವರೂ ಎಡವುವುದು ಇಲ್ಲಿಯೇ. ಮಗು ಜಾರದಂತೆ ತಡೆಯಲು ಗೂಟವನ್ನು ತೊಡೆಸಂದಿಗೆ ತಾಗುವಂತೆ ಇಡಬೇಕೆಂದು ಬಹಳ ಜನ ಭಾವಿಸುತ್ತಾರೆ. ಆದರೆ ಗೂಟ ಇರುವುದು ಕತ್ತರಿಯಂತೆ ಒಂದರ ಮೇಲೊಂದು ಏರುವ ಕಾಲುಗಳನ್ನು ಅಗಲಿಸಿ ಇಡಲು, ಆದ್ದರಿಂದ ಅದರ ಜಾಗ ಮೊಣಕಾಲುಗಳ ಹತ್ತಿರ. ಜಾರುವುದನ್ನು ತಡೆಯಬೇಕಾದದ್ದು ಸೊಂಟದ ಪಟ್ಟಿ. ಅದು ಹೊಟ್ಟೆಯ ಮೇಲೆ ಅಡ್ಡವಾಗಿ ಹೋಗದೆ, ತೊಡೆ ಮತ್ತು ಸೊಂಟ ಕೂಡುವ ಮಡಿಕೆಯ ಮೇಲಿಂದ ಸುಮಾರು 45 ಡಿಗ್ರಿ ಓರೆಯಾಗಿ ಹಿಂದಕ್ಕೂ ಕೆಳಕ್ಕೂ ಎಳೆಯುವಂತಿರಬೇಕು. ಇದನ್ನು ಒಮ್ಮೆ ತೋರಿಸಿಕೊಟ್ಟ ಮೇಲೆ ಈ ಬಡಗಿ ಮತ್ತೆ ಹೇಳಿಸಿಕೊಂಡಿಲ್ಲ. ಪಟ್ಟಿಗೆ ತೂತು ಕೊರೆಯುವ ಜಾಗವನ್ನು ಮಗುವನ್ನು ಕೂರಿಸಿಯೇ ಗುರುತು ಮಾಡುತ್ತಾರೆ.

ಕುರ್ಚಿ ನೆಲಮಟ್ಟದಲ್ಲಿರುವುದು ಬಡತನದ ಲಕ್ಷಣವಲ್ಲ, ಅದೇ ಅದರ ದೊಡ್ಡ ಗುಣ. ನಮ್ಮ ಕಡೆಯ ಬಹುಪಾಲು ಮನೆಗಳಲ್ಲಿ ರೊಟ್ಟಿ ಬಡಿಯುವುದು, ಕಾಳು ಆರಿಸುವುದು, ಊಟ ಮಾಡುವುದು, ಮಕ್ಕಳು ಆಡುವುದು ಎಲ್ಲವೂ ನೆಲದ ಮೇಲೆಯೇ ನಡೆಯುತ್ತವೆ. ಚಕ್ರವಿರುವ ಎತ್ತರದ ಕುರ್ಚಿಗಳನ್ನು ದೂರದಿಂದ ತರಿಸಿದ ಕೆಲವು ಮನೆಗಳಲ್ಲಿ ಅವು ತಿಂಗಳೊಳಗೆ ಪಡಸಾಲೆಯ ಮೂಲೆ ಸೇರಿ, ಟವೆಲ್ ಒಣಹಾಕುವುದಕ್ಕೆ ಬಳಕೆಯಾಗುವುದನ್ನು ನೋಡಿದ್ದೇನೆ. ಕುರ್ಚಿ ಕೆಟ್ಟದ್ದೆಂದಲ್ಲ, ಎಲ್ಲರೂ ಕೆಳಗೆ ಕುಳಿತಾಗ ಮಗುವೊಂದನ್ನೇ ಮೇಲೆ ಕೂರಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಅಂಗನವಾಡಿಯಲ್ಲೂ ಮಕ್ಕಳು ಜಮಖಾನೆಯ ಮೇಲೆ ಕೂರುವುದರಿಂದ ಈ ಕುರ್ಚಿ ಅಲ್ಲಿಗೂ ಹೊಂದಿಕೊಳ್ಳುತ್ತದೆ. ಉಣಿಸುವ ಸಮಯದಲ್ಲಂತೂ ವ್ಯತ್ಯಾಸ ಎದ್ದು ಕಾಣುತ್ತದೆ. ಮಡಿಲಲ್ಲಿ ಅರ್ಧ ಮಲಗಿಸಿ ಉಣಿಸಿದಾಗ ಮಗುವಿನ ತಲೆ ಹಿಂದಕ್ಕೆ ಚೆಲ್ಲುತ್ತದೆ, ಆಹಾರ ಶ್ವಾಸನಾಳದ ಕಡೆಗೆ ಜಾರುವ ಅಪಾಯ ಹೆಚ್ಚುತ್ತದೆ, ಮೇಲಿಂದ ಮೇಲೆ ಕೆಮ್ಮು-ಕಫ ಎಂದು ಆಸ್ಪತ್ರೆಗೆ ಅಲೆಯುವ ಮಕ್ಕಳಲ್ಲಿ ಎಷ್ಟೋ ಸಲ ಇದೂ ಒಂದು ಕಾರಣವಾಗಿರುತ್ತದೆ. ಗಲ್ಲ ತುಸು ಕೆಳಗೆ ಬಾಗುವಂತೆ ನೇರವಾಗಿ ಕೂರಿಸಿ, ತಾಯಿ ಎದುರಿಗೆ ಕುಳಿತು, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೋ ಜೋಳದ ನುಚ್ಚನ್ನೋ ಕೆಳಮಟ್ಟದಿಂದ ಬಾಯಿಗೆ ತಂದರೆ ಅದೇ ಊಟ ನಿರಾಳವಾಗಿ ಒಳಗಿಳಿಯುತ್ತದೆ. ಹಾಗೆಂದು ಇಡೀ ದಿನ ಕೂರಿಸುವಂತಿಲ್ಲ. ಒಂದು ಸಲಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು ಎಂದು ನಾನು ಹೇಳುತ್ತೇನೆ.

ಎಲ್ಲ ಮಕ್ಕಳಿಗೂ ಇದು ಆಗುವುದಿಲ್ಲ. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಬಿಗಿಯಾಗಿರುವ ಮಗುವನ್ನು ಕಾಲು ಚಾಚಿ ಕೂರಿಸಿದರೆ ಆ ಸ್ನಾಯುಗಳು ಸೊಂಟವನ್ನೇ ಹಿಂದಕ್ಕೆ ಎಳೆಯುತ್ತವೆ. ಮಗು ಬಾಲಮೂಳೆಯ ಮೇಲೆ ಕುಳಿತು ಬೆನ್ನು ಗೂನಾಗುತ್ತದೆ. ಮಗುವನ್ನು ಕೂರಿಸಿ ಮೊಣಕಾಲನ್ನು ನಿಧಾನವಾಗಿ ನೇರ ಮಾಡಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಅಂಥ ಮಕ್ಕಳಿಗೆ ಮೂಲೆ-ಬೆನ್ನನ್ನು ಹಾಗೆಯೇ ಇಟ್ಟು, ಕೂರುವ ಜಾಗವನ್ನು ಪೆಟ್ಟಿಗೆಯಂತೆ ಎತ್ತರಿಸಿ, ಮೊಣಕಾಲು ಮಡಿದು ಪಾದ ನೆಲಕ್ಕೆ ಊರುವಂತೆ ಮಾಡಿಸಬೇಕು. ಈ ಬಡಗಿ ಅದನ್ನೂ ಮಾಡಿಕೊಡುತ್ತಾರೆ. ಮಕ್ಕಳ ಚಲನಶಕ್ತಿಯನ್ನು ಅಳೆಯಲು 1997ರಲ್ಲಿ ಪ್ರಕಟವಾದ ಜಿಎಂಎಫ್‌ಸಿಎಸ್ ಎಂಬ ಐದು ಹಂತಗಳ ವರ್ಗೀಕರಣವನ್ನು ನಾವು ಬಳಸುತ್ತೇವೆ; ಹಂತದ ಸಂಖ್ಯೆ ಹೆಚ್ಚಿದಷ್ಟೂ ಚಲನೆಯ ತೊಂದರೆ ಹೆಚ್ಚು. ಅದರಲ್ಲಿ ಮೂರು ಮತ್ತು ನಾಲ್ಕನೆಯ ಹಂತದ ಸಣ್ಣ ಮಕ್ಕಳಿಗೆ ಈ ಕುರ್ಚಿ ಚೆನ್ನಾಗಿ ಒದಗುತ್ತದೆ. ತಲೆ ನಿಲ್ಲದ, ಸೊಂಟದ ಕೀಲು ಜಾರಿದ ಅಥವಾ ಬೆನ್ನು ಈಗಾಗಲೇ ಸೊಟ್ಟಗಾಗಿರುವ ಐದನೆಯ ಹಂತದ ಮಕ್ಕಳಿಗೆ ಹಿಂದಕ್ಕೆ ಬಾಗಿಸಬಲ್ಲ, ತಲೆಗೂ ಪಕ್ಕೆಗೂ ಆಧಾರವಿರುವ ಆಸನವೇ ಬೇಕು. ಬಡಗಿಯ ಬಳಿಗೆ ಹೋಗುವ ಮೊದಲು ಮೂಳೆ ತಜ್ಞರನ್ನು ಕಾಣಬೇಕು.

ಇನ್ನು ದೋಷಗಳು. ಮೊದಲನೆಯದು ಭಾರ. ಪ್ಲೈವುಡ್ಡಿನ ಬದಲು ಗಟ್ಟಿ ಮರ ಬಳಸುವುದು ತಮ್ಮ ಮರ್ಯಾದೆಯ ಪ್ರಶ್ನೆ ಎಂದು ಅವರು ತಿಳಿದಂತಿದೆ. ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡ ತಾಯಿ ಇನ್ನೊಂದು ಕೈಯಲ್ಲಿ ಇದನ್ನು ಅಡುಗೆಮನೆಯಿಂದ ಅಂಗಳಕ್ಕೆ ಎಳೆಯಲಾರಳು, ಟಂಟಂನಲ್ಲಿಯೋ ಚಿಗರಿ ಬಸ್ಸಿನಲ್ಲಿಯೋ ಒಯ್ಯುವ ಮಾತಂತೂ ದೂರವೇ ಉಳಿಯಿತು. ಟ್ರೇಗೆ ನಾಲ್ಕೂ ಕಡೆ ಕಟ್ಟೆ ಹೊಡೆಯುತ್ತಾರೆ. ಮಗುವಿನ ಎದೆಯ ಕಡೆಯ ಕಟ್ಟೆ ಮುಂಗೈಗೆ ಒತ್ತಿ ಕೆಂಪು ಗೆರೆ ಮೂಡಿಸುವುದರಿಂದ ಅದನ್ನು ತೆಗೆಸಿ ಅಂಚನ್ನು ಉಜ್ಜಿಸಿಕೊಳ್ಳಬೇಕು. ಮೆತ್ತೆ ಕೊಡುವುದೇ ಇಲ್ಲ. ಮನೆಯ ಹಳೆಯ ಕೌದಿಯನ್ನು ಮಡಿಸಿ ಹಾಸುವುದು ನಾನು ಕಂಡ ಅತ್ಯುತ್ತಮ ಪರಿಹಾರ, ಏಕೆಂದರೆ ಅದು ಒಗೆಯಲು ಬರುತ್ತದೆ, ಫೋಮಿನಂತೆ ಬೆವರಿಗೆ ಅಂಟುವುದಿಲ್ಲ. ಬಣ್ಣವೋ, ಬಾಗಿಲಿಗೆ ಹೊಡೆದು ಉಳಿದ ಕಂದು ವಾರ್ನಿಶ್. ಇಲ್ಲಿಂದ ಗಂಟೆಯೊಳಗಿನ ದಾರಿಯಾದ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲಿನ ಮೇಲೆ ಕೃಷ್ಣಲೀಲೆಯನ್ನೇ ಬರೆಯುವ ಕೈಗಳಿರುವಾಗ, ತೊಟ್ಟಿಲು ಬಿಟ್ಟರೂ ನಡೆಯಲಾಗದ ಮಗುವಿನ ಕುರ್ಚಿಗೆ ಒಂದು ಹೂವಾದರೂ ಬೇಡವೇ ಎಂದು ನನಗೆ ಅನ್ನಿಸದೆ ಇರುವುದಿಲ್ಲ.

ಆದರೆ ನಿಜವಾದ ಕೊರತೆ ಇವು ಯಾವುವೂ ಅಲ್ಲ. ಕುರ್ಚಿ ಮನೆಗೆ ಹೋದ ಮೇಲೆ ಅದನ್ನು ಯಾರೂ ಮತ್ತೆ ನೋಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಗಾಲಿಕುರ್ಚಿ ಮಾರ್ಗಸೂಚಿಯು ಸೇವೆಯನ್ನು ಎಂಟು ಹೆಜ್ಜೆಗಳಾಗಿ ವಿಂಗಡಿಸುತ್ತದೆ. ಮಗುವನ್ನು ಗುರುತಿಸಿ ಕಳುಹಿಸುವುದರಿಂದ ಆರಂಭವಾಗುವ ಆ ಸರಣಿಯಲ್ಲಿ ಕುರ್ಚಿ ತಯಾರಾಗುವುದು ಐದನೆಯ ಹೆಜ್ಜೆ ಮಾತ್ರ, ಅನಂತರ ಹೊಂದಿಸಿ ನೋಡುವುದು, ಬಳಕೆಯನ್ನು ಕಲಿಸುವುದು, ದುರಸ್ತಿ ಮತ್ತು ಮರುತಪಾಸಣೆ ಬಾಕಿ ಇರುತ್ತವೆ. ಆ ಮಾರ್ಗಸೂಚಿ ಗಾಲಿಕುರ್ಚಿಯನ್ನು ಕುರಿತದ್ದಾದರೂ ಮಕ್ಕಳ ಯಾವ ಆಸನಕ್ಕೂ ಸಲ್ಲುವಂಥದ್ದು. ನಮ್ಮ ಬಡಗಿ ಹೊಂದಿಸಿ ನೋಡುವವರೆಗೆ ಶ್ರದ್ಧೆಯಿಂದ ಬರುತ್ತಾರೆ; ವರ್ಷದೊಳಗೆ ಮಗುವಿನ ತೊಡೆ ಉದ್ದವಾಗಿ ಗೂಟ ತೊಡೆಸಂದಿನ ಕಡೆಗೆ ಬಂದಾಗ ಅದನ್ನು ಸರಿಸಲು ಮರುತೂತುಗಳಿಲ್ಲ. ಮೊದಲೇ ಹೇಳಿ ತಳಹಲಗೆಯಲ್ಲಿ ಎರಡು ಅಂಗುಲಕ್ಕೊಂದರಂತೆ ಮೂರು ತೂತು ಕೊರೆಸಿ, ಟ್ರೇಯನ್ನು ಎರಡು ಎತ್ತರಗಳಲ್ಲಿ ಕೂರಿಸಲು ಬರುವಂತೆ ತೋಡು ಹಾಕಿಸಿಕೊಳ್ಳಿ. ಅದಕ್ಕೆ ಅವರು ಹೆಚ್ಚುವರಿ ಹಣ ಕೇಳುವುದಿಲ್ಲ.

ಬೆಲೆ ಗಾತ್ರಕ್ಕೆ ತಕ್ಕಂತೆ 4,000ದಿಂದ 5,500 ರೂಪಾಯಿ. ಸಿದ್ಧ ಕುರ್ಚಿಗಳ ಬೆಲೆ ಇದರ ಮೂರ್ನಾಲ್ಕು ಪಟ್ಟು. ಮುದ್ರಿತ ಬಿಲ್ ಸಿಗುವುದಿಲ್ಲ, ಆದ್ದರಿಂದ ಯಾವುದಾದರೂ ಟ್ರಸ್ಟಿನಿಂದ ಹಣ ವಾಪಸು ಪಡೆಯುವವರಿಗೆ ತೊಂದರೆ. ಖರ್ಚೇ ಬೇಡವೆಂದರೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮತ್ತು ಆದಾಯ ಪ್ರಮಾಣಪತ್ರ ಇಟ್ಟುಕೊಂಡು, ಅಂಗವಿಕಲರಿಗೆ ಸಾಧನ-ಸಲಕರಣೆ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ಶಿಬಿರಗಳಿಗೆ ಹೋಗಬಹುದು. ಕಾನ್ಪುರದ ಅಲಿಂಕೋ ಸಂಸ್ಥೆ ತಯಾರಿಸುವ ಸಿಪಿ (ಸೆರೆಬ್ರಲ್ ಪಾಲ್ಸಿ) ಚೇರ್ ಅರ್ಹ ಕುಟುಂಬಗಳಿಗೆ ಅಲ್ಲಿ ಉಚಿತವಾಗಿ ದೊರೆಯುತ್ತದೆ. ಅದಕ್ಕೆ ಚಕ್ರಗಳಿರುವುದರಿಂದ ಮನೆಯೊಳಗೆ ಮಗುವನ್ನು ಕೋಣೆಯಿಂದ ಕೋಣೆಗೆ ಒಯ್ಯಬೇಕಾದವರು ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ರಟ್ಟಿನ ಪದರಗಳನ್ನು ಗಂಜಿಯಿಂದ ಅಂಟಿಸಿ ಗಟ್ಟಿ ಕುರ್ಚಿ ಮಾಡುವ ವಿಧಾನವೂ ಇದೆ. ಜಿಂಬಾಬ್ವೆಯಲ್ಲಿ ಬೆಳೆದ ಆ ವಿಧಾನ ಬೇಗ ಬೆಳೆಯುವ ಎರಡು-ಮೂರು ವರ್ಷದ ಮಕ್ಕಳಿಗೆ ಚೆನ್ನ, ಆದರೆ ಧಾರವಾಡದ ಮಳೆಗಾಲದ ತೇವಕ್ಕೆ ಅದನ್ನು ಬಣ್ಣ ಬಳಿದು ಕಾಪಾಡಿಕೊಳ್ಳಬೇಕಾಗುತ್ತದೆ.

ಥೆರಪಿಸ್ಟ್ ಬರೆದುಕೊಟ್ಟ ಚೀಟಿ ಇಲ್ಲದೆ ಬಡಗಿಯ ಬಳಿಗೆ ಹೋಗಬೇಡಿ. ಖಾಸಗಿಯಾಗಿ ತೋರಿಸಲು ಆಗದವರಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಗಳ ಏರ್ಪಾಡಿದೆ; ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ. ಅಳತೆಗೆ ಹೋಗುವ ದಿನ ಮಗುವಿಗೆ ಹೊಟ್ಟೆ ತುಂಬಿರಲಿ, ನಿದ್ದೆಯಾಗಿರಲಿ. ಅಳುವಾಗ ಮೈ ಸೆಟೆದು ಅಳತೆಯೇ ತಪ್ಪುತ್ತದೆ. ಎಎಫ್‌ಒ (ಪಾದ ಮತ್ತು ಹಿಮ್ಮಡಿಗಂಟನ್ನು ನೇರವಾಗಿ ಹಿಡಿದಿಡುವ ಆಧಾರಪಟ್ಟಿ) ಧರಿಸುವ ಮಕ್ಕಳು ಅದನ್ನು ಹಾಕಿಕೊಂಡೇ ಅಳತೆ ಕೊಡಬೇಕು. ಮೀನಖಂಡದ ಸ್ನಾಯು ಮೊಣಕಾಲನ್ನು ದಾಟಿ ಮೇಲಕ್ಕೆ ಹೋಗಿರುವುದರಿಂದ, ಪಾದವನ್ನು ಲಂಬಕೋನದಲ್ಲಿ ಹಿಡಿದಾಗ ಮೊಣಕಾಲು ತುಸು ಮೇಲೇಳುತ್ತದೆ, ಆಗ ಬರಿಗಾಲಿನಲ್ಲಿ ತೆಗೆದ ಟ್ರೇಯ ಎತ್ತರ ತೊಡೆಗೆ ತಾಗುತ್ತದೆ.